ಕಳಿಸಿ ಬರುವವರ ವಿಮಾನ ನಿಲ್ದಾಣ

ಆಡಕಿ ಸೇಡಂ ತಾಲ್ಲೂಕಿನ ಹೋಬಳಿ ಊರು. ಇಲ್ಲಿಂದಾಗಲಿ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಿಂದಾಗಲಿ ವಿಮಾನ ಹತ್ತಲು ಹೊರಡುವವರು ಟರ್ಮಿನಲ್ ಯಾವುದೆಂದು ಕೇಳುವ ಮೊದಲು ರಾಜ್ಯ ಯಾವುದೆಂದು ತೀರ್ಮಾನಿಸಬೇಕು. ಹತ್ತಿರದ ದೊಡ್ಡ ವಿಮಾನ ನಿಲ್ದಾಣ ತೆಲಂಗಾಣದ ಶಂಷಾಬಾದಿನಲ್ಲಿದೆ. ಸ್ವಂತ ರಾಜಧಾನಿಯದು ದೂರದ ದೇವನಹಳ್ಳಿಯಲ್ಲಿ. ಜಿಲ್ಲೆಯದೇ ಆದ ಪುಟ್ಟ ನಿಲ್ದಾಣ ಕಲಬುರಗಿಯ ಹೊರಗೆ ಶ್ರೀನಿವಾಸ ಸರಡಗಿಯಲ್ಲಿ. ಹಳೆಯ ರೂಢಿ ಬಿಡದೆ ಮುಂಬೈ ಗಾಡಿ ಹಿಡಿಯುವವರೂ ಇದ್ದಾರೆ.

ಈ ಆಯ್ಕೆ ವಿಮಾನಕ್ಕಿಂತ ಹಳೆಯದು; ಅದನ್ನು ಮೊದಲು ಮುಂದಿಟ್ಟದ್ದು ರೈಲು. ಮುಂಬೈಯಿಂದ ಬಂದ ಜಿ.ಐ.ಪಿ. ರೈಲ್ವೆಯ ಹಳಿ 1871ರಲ್ಲಿ ರಾಯಚೂರು ತಲುಪಿ ಮದ್ರಾಸಿನ ಹಳಿಯನ್ನು ಕೂಡಿಕೊಂಡಿತು. 1874ರಲ್ಲಿ ನಿಜಾಮರ ಹಣದಿಂದ ವಾಡಿ–ಸಿಕಂದರಾಬಾದ್ ಮಾರ್ಗ ತೆರೆಯಿತು. ಅಲ್ಲಿಂದ ವಾಡಿ ಜಂಕ್ಷನ್ನಾಯಿತು. ಪಶ್ಚಿಮಕ್ಕೆ ಶಹಾಬಾದ್ ದಾಟಿ ಮುಂಬೈ, ದಕ್ಷಿಣಕ್ಕೆ ಯಾದಗಿರಿ ದಾಟಿ ಬೆಂಗಳೂರು, ಮದ್ರಾಸು, ಪೂರ್ವಕ್ಕೆ ಚಿತ್ತಾಪುರ, ಸೇಡಂ, ತಾಂಡೂರು, ವಿಕಾರಾಬಾದ್ ದಾಟಿ ಹೈದರಾಬಾದ್. ಈ ಮೂರು ದಿಕ್ಕಿನಲ್ಲಿ ಯಾವುದರ ಗಾಡಿ ಹತ್ತುತ್ತೇವೆ ಎನ್ನುವುದರ ಮೇಲೆಯೇ ಮುಂದೆ ಯಾವ ವಿಮಾನ ನಿಲ್ದಾಣ ಎಂಬುದೂ ನಿಂತಿತು. ಚಿಂಚೋಳಿಗೆ ಮಾತ್ರ ರೈಲಿಲ್ಲ. ಅಲ್ಲಿಯವರು ರಸ್ತೆಯಲ್ಲಿ ತಾಂಡೂರಿಗೆ ಬಂದು ಇದೇ ಹಳಿಗೆ ಸೇರಿಕೊಂಡರು.

ಸೇಡಂ ಸೀಮೆಯವರು ಬಹುಪಾಲು ಪೂರ್ವದ ಹಳಿಯನ್ನೇ ಹಿಡಿದರು. 1948ರವರೆಗೆ ಇದು ನಿಜಾಮರ ರಾಜ್ಯ, ಹೈದರಾಬಾದೇ ರಾಜಧಾನಿ. 1956ರವರೆಗೆ ತಾಂಡೂರು, ಕೊಡಂಗಲ್‌ಗಳೂ ಗುಲ್ಬರ್ಗಾ ಜಿಲ್ಲೆಯ ತಾಲ್ಲೂಕುಗಳೇ ಆಗಿದ್ದವು. ರಾಜ್ಯಗಳ ಗೆರೆ ಬದಲಾದರೂ ದೊಡ್ಡಾಸ್ಪತ್ರೆ, ಮದುವೆ ಜವಳಿ, ಬಂಗಾರಕ್ಕೆ ಹೈದರಾಬಾದಿನ ದಾರಿ ಬದಲಾಗಲಿಲ್ಲ. ವಿಮಾನ ಬಂದಾಗ ಅದೂ ಆ ಪಟ್ಟಿಗೆ ಸೇರಿಕೊಂಡಿತು.

ಹೈದರಾಬಾದಿನ ಹಳೆಯ ವಿಮಾನ ನಿಲ್ದಾಣ ಬೇಗಂಪೇಟೆಯದು, 1930ರ ದಶಕದ್ದು. ನಿಜಾಮ ಸರ್ಕಾರ ಮತ್ತು ಟಾಟಾ ಪಾಲುದಾರಿಕೆಯಲ್ಲಿ 1945ರಲ್ಲಿ ಹುಟ್ಟಿದ ಡೆಕ್ಕನ್ ಏರ್‌ವೇಸ್‌ಗೆ ಇದೇ ನೆಲೆ. 1953ರಲ್ಲಿ ದೇಶದ ವಿಮಾನ ಕಂಪನಿಗಳೆಲ್ಲ ರಾಷ್ಟ್ರೀಕರಣಗೊಂಡಾಗ ಅದು ಇಂಡಿಯನ್ ಏರ್‌ಲೈನ್ಸಿನಲ್ಲಿ ಕರಗಿತು. 1972ರಲ್ಲಿ ಓಡುದಾರಿಯ ದಕ್ಷಿಣಕ್ಕೆ ಹೊಸ ಟರ್ಮಿನಲ್ ಬಂತು. ಕೊನೆಗೆ ಅಲ್ಲಿ ದೇಶೀಯ ಪ್ರಯಾಣಕ್ಕೆ ಎನ್.ಟಿ. ರಾಮರಾವ್ ಹೆಸರಿನದು, ವಿದೇಶಕ್ಕೆ ರಾಜೀವ್ ಗಾಂಧಿ ಹೆಸರಿನದು, ಹೀಗೆ ಎರಡು ಟರ್ಮಿನಲ್‌ಗಳಿದ್ದವು.

ವಾಡಿ–ಸಿಕಂದರಾಬಾದ್ ಮಾರ್ಗದ ಒಂದು ಸ್ಟೇಷನ್ನಿನ ಹೆಸರೂ ಬೇಗಂಪೇಟೆ. ಸೇಡಂನಲ್ಲಿ ಗಾಡಿ ಹತ್ತಿ, ಬೇಗಂಪೇಟೆಯಲ್ಲಿ ಇಳಿದು, ಆಟೋದವನಿಗೆ ಒಂದು ಮಾತು ಹೇಳಿದರೆ ವಿಮಾನ ನಿಲ್ದಾಣ ಬರುತ್ತಿತ್ತು. ಬೇಗಂಪೇಟೆಯಲ್ಲಿ ನಿಲ್ಲದ ಗಾಡಿಯಾದರೆ ಸಿಕಂದರಾಬಾದಿನಿಂದ ತಿರುಗಿ ಬರಬೇಕು, ಅಷ್ಟೇ. ಟರ್ಮಿನಲ್ ತಪ್ಪಿದರೂ ತಪ್ಪು ತಿದ್ದಿಕೊಳ್ಳುವಷ್ಟು ಹತ್ತಿರದಲ್ಲೇ ಇನ್ನೊಂದಿತ್ತು. ಬೇಗಂಪೇಟೆ ಇಕ್ಕಟ್ಟಿನದು, ಊರ ನಡುವೆ ಸಿಕ್ಕಿಕೊಂಡದ್ದು ಎಂದು ದೂರುವವರು ಬಹಳ. ಸೇಡಂನವರ ಮಟ್ಟಿಗೆ ಅಷ್ಟು ಅನುಕೂಲದ ವಿಮಾನ ನಿಲ್ದಾಣ ಆಮೇಲೆ ಬಂದಿಲ್ಲ.

ಆದರೂ ಊರವರೆಲ್ಲ ರೈಲಿನಲ್ಲೇ ಹೋದರೆಂದಲ್ಲ. ಗಲ್ಫಿಗೋ ಅಮೆರಿಕಕ್ಕೋ ಮೊದಲ ಸಲ ಹೊರಟವರನ್ನು ಒಬ್ಬರನ್ನೇ ಗಾಡಿ ಹತ್ತಿಸುವುದು ಈ ಕಡೆಯ ರೂಢಿಯಲ್ಲಿಲ್ಲ. ಈ ಲೇಖಕನ ಸೋದರಮಾವ ದುಬೈಗೆ ಹೊರಟಾಗ ಬಾಡಿಗೆಯ ಜೀಪಿನಲ್ಲಿ ಹಾರುವವರು ಒಬ್ಬರು, ಹಾರದವರು ಹಿಡಿಸಿದಷ್ಟು ಮಂದಿ. ರೊಟ್ಟಿ ಗಂಟು, ಶೇಂಗಾ ಹಿಂಡಿ, ನೀರಿನ ಕ್ಯಾನು ಹಿಂದಿನ ಸೀಟಿನಲ್ಲಿ. ಅವುಗಳ ನಡುವೆ ಆಗ ಚಿಕ್ಕವನಿದ್ದ ಲೇಖಕ. ಮಾವ ಒಳಗೆ ಹೋದ ಮೇಲೂ ಯಾರೂ ಕದಲಲಿಲ್ಲ. ಗೋಡೆಯಾಚೆ ಎದ್ದ ಪ್ರತಿಯೊಂದು ವಿಮಾನವೂ ಅಜ್ಜಿಗೆ ಮಗನದೇ. ವಿಮಾನ ನಿಲ್ದಾಣದ ಪಾರ್ಕಿಂಗ್ ಎಂದರೆ ಈ ಸೀಮೆಯಲ್ಲಿ ಇದು: ಪ್ರಯಾಣಿಕನ ಕಾರು ನಿಲ್ಲುವ ತಾವಲ್ಲ, ಕಳಿಸಲು ಬಂದವರು ಉಂಡು ಕೈತೊಳೆದು ಕಾಯುವ ತಾವು. ನಿಲ್ದಾಣ ಕಟ್ಟುವವರ ಲೆಕ್ಕಕ್ಕೆ ಈ ಮಂದಿ ಬಂದಂತೆ ಕಾಣುವುದಿಲ್ಲ.

ಒಳಗೆ ಹೋಗುವ ನಿಯಮ ಬಿಗಿಯಾದದ್ದಕ್ಕೂ ಚರಿತ್ರೆಯಿದೆ. 1999ರ ಡಿಸೆಂಬರಿನಲ್ಲಿ ಕಠ್ಮಂಡುವಿನಿಂದ ಹೊರಟ ಇಂಡಿಯನ್ ಏರ್‌ಲೈನ್ಸ್ ವಿಮಾನವನ್ನು ಅಪಹರಿಸಿ ಕಂದಹಾರಕ್ಕೆ ಒಯ್ದ ಮೇಲೆ, 2000ದಿಂದ ವಿಮಾನ ನಿಲ್ದಾಣಗಳ ಕಾವಲು ಒಂದೊಂದಾಗಿ ಸಿ.ಐ.ಎಸ್.ಎಫ್. ಕೈಗೆ ಹೋಯಿತು. ಟಿಕೆಟ್ಟು, ಗುರುತಿನ ಚೀಟಿ ಎರಡೂ ಇದ್ದವರಿಗೆ ಮಾತ್ರ ಬಾಗಿಲು. ಬೀಳ್ಕೊಡುಗೆ ಬಾಗಿಲ ಹೊರಗಿನ ಕಟ್ಟೆಗೆ ಬಂತು, ಅಲ್ಲಿಂದ ಪಾರ್ಕಿಂಗಿಗೆ.

2008ರ ಮಾರ್ಚ್ 23ರಂದು ಬೇಗಂಪೇಟೆಯ ಪ್ರಯಾಣಿಕ ವಿಮಾನಗಳೆಲ್ಲ ನಗರದ ದಕ್ಷಿಣಕ್ಕಿರುವ ಶಂಷಾಬಾದಿಗೆ ಹೋದವು. ಸೇಡಂ ರೈಲಿಗೂ ವಿಮಾನಕ್ಕೂ ಇದ್ದ ನಂಟು ಆ ದಿನ ಕಳಚಿತು. ಈಗ ರೈಲಿನಲ್ಲಿ ಹೋಗುವ ಜಾಣರು ಬೇಗಂಪೇಟೆವರೆಗೆ ಹೋಗದೆ ಅದಕ್ಕಿಂತ ಮೊದಲು ಬರುವ ಲಿಂಗಂಪಲ್ಲಿಯಲ್ಲಿ ಇಳಿಯುತ್ತಾರೆ. ಅಲ್ಲಿಂದ ಗಚ್ಚಿಬೌಲಿ ಕಡೆ ಹೋಗಿ ಹೊರವರ್ತುಲ ರಸ್ತೆ ಹಿಡಿದರೆ ಶಂಷಾಬಾದ್. ಗಚ್ಚಿಬೌಲಿ–ಶಂಷಾಬಾದ್ ನಡುವಿನ ಈ ತುಂಡು 2008ರ ನವೆಂಬರಿನಲ್ಲಿ ತೆರೆಯಿತು; ನಗರದ ಸುತ್ತ 158 ಕಿ.ಮೀ. ಸುತ್ತುವ ರಸ್ತೆಯ ಮೊದಲ ಭಾಗ ಅದು. ಸಾಮಾನು ಕಡಿಮೆ ಇದ್ದವರಿಗೆ ತೆಲಂಗಾಣ ಸಾರಿಗೆ ಸಂಸ್ಥೆಯ ಪುಷ್ಪಕ್ ಬಸ್ಸು ಸಾಕು. ಹಳೆಯ ಅಭ್ಯಾಸದಂತೆ ಸಿಕಂದರಾಬಾದಿನಲ್ಲಿ ಇಳಿದರೆ ಇಡೀ ನಗರವನ್ನು ಅಡ್ಡಹಾಯಬೇಕು. ಮೆಹದಿಪಟ್ಟಣದಿಂದ ಆರಾಂಘರ್‌ವರೆಗೆ 11 ಕಿ.ಮೀ.ಗೂ ಉದ್ದದ ಪಿ.ವಿ. ನರಸಿಂಹರಾವ್ ಮೇಲುಸೇತುವೆ 2009ರ ಅಕ್ಟೋಬರಿನಿಂದ ಇದೆಯಾದರೂ, ಮೆಹದಿಪಟ್ಟಣ ಮುಟ್ಟುವುದೇ ಒಂದು ಪ್ರಯಾಣ.

ರಸ್ತೆಯಲ್ಲಿ ಹೋಗುವವರಿಗೆ ಸೇಡಂನಿಂದ ರಿಬ್ಬನಪಲ್ಲಿ, ಅಲ್ಲಿ ರಾಜ್ಯದ ಗಡಿ, ಆಚೆಗೆ ಕೊಡಂಗಲ್, ಪರಿಗಿ, ಮನ್ನೆಗೂಡ, ಚೇವೆಳ್ಳ. ಮನ್ನೆಗೂಡದಿಂದ ಮುಂದಕ್ಕೆ ಎರಡೂ ಬದಿಗೆ ಹಳೆಯ ಆಲದ ಮರಗಳು. ಹೆದ್ದಾರಿ ಅಗಲವಾಗಬೇಕೆನ್ನುವವರಿಗೂ ಮರ ಉಳಿಯಬೇಕೆನ್ನುವವರಿಗೂ ಇವುಗಳ ಸಲುವಾಗಿ ಹಸಿರು ನ್ಯಾಯಮಂಡಳಿಯವರೆಗೆ ವ್ಯಾಜ್ಯ ನಡೆದಿದೆ. ಇಕ್ಕಟ್ಟಿನ ಆ ದಾರಿಯಲ್ಲಿ ಒಂದು ಲಾರಿ ಕೆಟ್ಟು ನಿಂತರೆ ನಕಾಶೆ ತೋರಿಸಿದ ಸಮಯಕ್ಕೆ ಅರ್ಥವಿಲ್ಲ. ಬಾಡಿಗೆ ಕ್ರೂಸರ್ ಓಡಿಸುವವರು ಫೋನಿನ ಲೆಕ್ಕಕ್ಕೆ ಒಂದು ತಾಸು ಸೇರಿಸಿಯೇ ಹೊರಡುತ್ತಾರೆ. ಮರಗಳ ಪರವಾಗಿರುವವರೂ ಆ ತಾಸನ್ನು ಕೊಡಲೇಬೇಕು.

ಶಂಷಾಬಾದಿನಲ್ಲಿ ಟರ್ಮಿನಲ್ ಒಂದೇ. ದೇಶ, ವಿದೇಶ ಎರಡಕ್ಕೂ ಒಂದೇ ಕಟ್ಟಡ. ಹೊರಡುವವರಿಗೆ ಮೇಲಿನ ಅಂತಸ್ತು, ಬಂದಿಳಿದವರಿಗೆ ಕೆಳಗಿನದು. ಆದರೂ ಇಲ್ಲಿ ಎರಡು ಟರ್ಮಿನಲ್ ಇವೆ ಎಂಬ ನಂಬಿಕೆ ಗಟ್ಟಿಯಾಗಿದೆ, ಅದಕ್ಕೆ ಕಾರಣಗಳೂ ಇವೆ. 2014ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ದೇಶೀಯ ಟರ್ಮಿನಲ್‌ಗೆ ಎನ್.ಟಿ. ರಾಮರಾವ್ ಹೆಸರಿಡಲು ಹೊರಟಿತು. ಒಡೆಯದ ಕಟ್ಟಡಕ್ಕೆ ಎರಡು ಹೆಸರು. ತೆಲಂಗಾಣ ವಿಧಾನಸಭೆ ಅದನ್ನು ವಿರೋಧಿಸಿ ನಿರ್ಣಯ ಮಾಡಿತು. 2018ರಲ್ಲಿ ಮುಖ್ಯ ಕಟ್ಟಡ ವಿಸ್ತರಿಸುವಾಗ ವಿದೇಶಕ್ಕೆ ಹೊರಡುವವರಿಗೆಂದು ಪಕ್ಕದಲ್ಲಿ ತಾತ್ಕಾಲಿಕ ಟರ್ಮಿನಲ್ ತೆರೆದರು. 2022ರ ನವೆಂಬರಿನಲ್ಲಿ ಅವರೆಲ್ಲ ಮತ್ತೆ ಮುಖ್ಯ ಕಟ್ಟಡಕ್ಕೆ ಬಂದರು. ಆ ನಡುವಿನ ವರ್ಷಗಳಲ್ಲಿ ಹೋಗಿಬಂದವರು ಇಂದಿಗೂ ಆ ಬದಿಗೇ ಕೈ ತೋರಿಸುತ್ತಾರೆ.

ಕಮಾನಿನ ಬಳಿ ಬಂದ ಕ್ರೂಸರಿನಲ್ಲಿ ಚಾಲಕ ಕೇಳುವ ಪ್ರಶ್ನೆ ಒಂದೇ: "ಮ್ಯಾಲ ಬಿಡಲ್ಯೋ, ಕೆಳಗ ನಿಂದ್ರಲ್ಯೋ?" ಉತ್ತರ ಕೊಡುವ ಮೊದಲು ಇಳಿಯುವವರು ಯಾರೆಂದು ಲೆಕ್ಕ ಹಾಕಬೇಕು. ಮೇಲಿನ ಇಳಿಜಾರು ಹತ್ತಿದ ವಾಹನ ಪ್ರಯಾಣಿಕನನ್ನೂ ಪೆಟ್ಟಿಗೆಯನ್ನೂ ಇಳಿಸಿ ಕೂಡಲೇ ಹೋಗಬೇಕು. ಅಲ್ಲಿ ನಿಲ್ಲುವಂತಿಲ್ಲ, ಚಾಲಕ ಸೀಟು ಬಿಟ್ಟಿಳಿಯುವಂತಿಲ್ಲ. ಒಬ್ಬರೇ ಹಾರುವವರು, ಒಬ್ಬರೇ ಬಿಡುವವರು ಇದ್ದಾಗ ಇದು ಒಳ್ಳೆಯ ಏರ್ಪಾಡು. ಅಜ್ಜಿ ಇಳಿದು, ಮೊಮ್ಮಗನ ಹಣೆಗೆ ಕುಂಕುಮವಿಟ್ಟು, ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಕಾವಲಿನವನು ಸೀಟಿ ಊದುತ್ತಾನೆ. ಕಳಿಸಲು ಬಂದ ಮಂದಿ ಇದ್ದರೆ ಮೊದಲೇ ಪಾರ್ಕಿಂಗಿಗೆ ಹೋಗಿ, ಅಲ್ಲಿಯೇ ಕುಂಕುಮ ಕಣ್ಣೀರು ಮುಗಿಸಿ, ಸಾಮಾನನ್ನು ತಳ್ಳುಗಾಡಿಯಲ್ಲಿ ಒಯ್ಯುವುದು ವಾಸಿ. ಹಣ ತಾಸಿನ ಲೆಕ್ಕದಲ್ಲಿ ಬೆಳೆಯುತ್ತದೆ. ಫಾಸ್ಟ್ಯಾಗ್ ಇದ್ದರೆ ಹೊರಡುವಾಗ ಚಿಲ್ಲರೆಯ ಜಗಳವಿಲ್ಲ. ವಾಹನ ನಿಲ್ಲಿಸಿದ ಕಂಬದ ಸಂಖ್ಯೆಯನ್ನು ಫೋನಿನಲ್ಲಿ ಫೋಟೋ ಹಿಡಿದಿಡಬೇಕು. ಸ್ವಂತ ಕಾರು ಬಿಟ್ಟು ಹತ್ತು ದಿನದ ಮೇಲೆ ಬರುವೆನೆನ್ನುವವರಿಗೆ ಪಾರ್ಕಿಂಗಿನ ಬಾಬತ್ತು ಕೆಲವೊಮ್ಮೆ ವಿಮಾನದ ಟಿಕೆಟ್ಟನ್ನೇ ಅಣಕಿಸುತ್ತದೆ. ಊರಿಂದ ಬಾಡಿಗೆ ಗಾಡಿ ತರುವುದು ಅಗ್ಗ.

ಹಜ್ ಯಾತ್ರಿಕರ ದಾರಿ ಬೇರೆ. ಕಲಬುರಗಿ, ಬೀದರ ಕಡೆಯ ಯಾತ್ರಿಕರು ಹೈದರಾಬಾದಿನಿಂದ ಹೊರಡುವ ರೂಢಿಯಿದೆ. ಅವರ ಮೊದಲ ನಿಲ್ದಾಣ ನಾಂಪಲ್ಲಿಯ ಹಜ್ ಹೌಸ್. ಕಾಗದಪತ್ರ ಅಲ್ಲಿಯೇ ನೋಡಿ, ಬಸ್ಸಿನಲ್ಲಿ ಶಂಷಾಬಾದಿಗೆ ಒಯ್ಯುತ್ತಾರೆ. ಬಂಧುಬಳಗ ಬೀಳ್ಕೊಡುವುದು ನಾಂಪಲ್ಲಿಯಲ್ಲಿ, ಸಾವಕಾಶವಾಗಿ. ಕಳಿಸುವವರನ್ನು ಗಮನದಲ್ಲಿಟ್ಟು ಮಾಡಿದ ವ್ಯವಸ್ಥೆ ಇದೊಂದೇ ಎನ್ನಬಹುದು, ಉಳಿದವುಗಳಿಗೆ ಇದು ಮಾದರಿಯಾಗಬಹುದಿತ್ತು.

ಬೆಂಗಳೂರಿನದು ನಿಜವಾಗಿ ಎರಡು ಟರ್ಮಿನಲ್‌ಗಳ ಸಮಸ್ಯೆ. 2008ರ ಮೇ 24ರಂದು ಎಚ್‌ಎಎಲ್ ನಿಲ್ದಾಣದಿಂದ ಪ್ರಯಾಣಿಕ ವಿಮಾನಗಳು ದೇವನಹಳ್ಳಿಗೆ ಹೋದಾಗ ಅಲ್ಲಿ ಇದ್ದದ್ದು ಒಂದೇ ಕಟ್ಟಡ. 2013ರಲ್ಲಿ ಕೆಂಪೇಗೌಡರ ಹೆಸರು ಬಂತು. ಬಿದಿರು, ತೂಗುಬಳ್ಳಿ, ನೀರಿನ ಹರಿವುಗಳ ಎರಡನೆಯ ಟರ್ಮಿನಲ್ 2022ರ ನವೆಂಬರ್ 11ರಂದು ಉದ್ಘಾಟನೆಯಾಯಿತು. ಅದು ಪ್ರಯಾಣಿಕರಿಗೆ ತೆರೆದದ್ದು 2023ರ ಜನವರಿ 15ರಂದು, ಅಂದು ಅಲ್ಲಿಂದ ಹೊರಟ ಮೊದಲ ವಿಮಾನ ಸ್ಟಾರ್ ಏರ್‌ನದು, ಹೋದದ್ದು ಕಲಬುರಗಿಗೆ. ಅಷ್ಟು ದೊಡ್ಡ ಕಟ್ಟಡದ ಬೋಣಿ ಈ ಜಿಲ್ಲೆಯದು ಎಂಬುದು ಇಲ್ಲಿ ಬಹಳ ಜನಕ್ಕೆ ತಿಳಿಯದ ಸಂಗತಿ.

2023ರ ಸೆಪ್ಟೆಂಬರ್ 12ರಿಂದ ವಿದೇಶಿ ವಿಮಾನಗಳೆಲ್ಲ ಎರಡನೆಯ ಟರ್ಮಿನಲ್‌ನಿಂದ. ದೇಶದೊಳಗಿನವು ಕಂಪನಿಯ ಪ್ರಕಾರ ಹಂಚಿಹೋಗಿವೆ. ತೊಡಕು ಇಲ್ಲಿಯೇ: ಇಂಡಿಗೋದಲ್ಲಿ ದೆಹಲಿಗೆ ಹೊರಟರೆ ಒಂದನೆಯದು, ಅದೇ ಇಂಡಿಗೋದಲ್ಲಿ ದುಬೈಗೆ ಹೊರಟರೆ ಎರಡನೆಯದು. ಕಂಪನಿಯ ಹೆಸರು ನೆನಪಿಟ್ಟುಕೊಂಡರೆ ಸಾಲದು, ಟಿಕೆಟ್ಟಿನಲ್ಲಿ ಟಿ1, ಟಿ2 ಎಂದು ಮುದ್ರಿಸಿದ್ದನ್ನು ಹೊರಡುವ ದಿನವೂ ಓದಬೇಕು, ಏಕೆಂದರೆ ಹಂಚಿಕೆ ಆಗಾಗ ಬದಲಾಗುತ್ತದೆ. ಎರಡರ ನಡುವೆ ಉಚಿತ ಬಸ್ಸು ಓಡುತ್ತದೆ. ಪಾರ್ಕಿಂಗ್ ಮಾತ್ರ ಒಂದೊಂದಕ್ಕೆ ಬೇರೆ ಬೇರೆ. ಒಂದರಲ್ಲಿ ಕಾರು ನಿಲ್ಲಿಸಿ ಇನ್ನೊಂದರಲ್ಲಿ ಬಂದಿಳಿದ ಬೀಗರಿಗಾಗಿ ಕಾಯುವುದು ಬೆಂಗಳೂರಿನ ಹೊಸ ವ್ಯಾಯಾಮ. ವಾಡಿ, ಶಹಾಬಾದಿನಿಂದ ರಾತ್ರಿ ಗಾಡಿಯಲ್ಲಿ ಬರುವವರಿಗೆ ಈ ರಗಳೆಯಿಲ್ಲ. ಯಲಹಂಕದಲ್ಲಿ ನಿಲ್ಲುವ ಗಾಡಿಯಾದರೆ ಅಲ್ಲಿಯೇ ಇಳಿಯಬೇಕು. ಬೆಂಗಳೂರಿನ ಒಳಗೆ ಹೋಗಿ ತಿರುಗಿ ಬಂದರೆ ಬೆಳಗಿನ ಎರಡು ತಾಸು ರಸ್ತೆಯ ಪಾಲು.

ಮುಂಬೈಯಲ್ಲಿ ಒಂದನೆಯ ಟರ್ಮಿನಲ್ ಸಾಂತಾಕ್ರೂಜ್ ಕಡೆ, ಎರಡನೆಯದು ಸಹಾರ್ ಕಡೆ. ಎರಡಕ್ಕೂ ಓಡುದಾರಿಗಳು ಅವೇ ಆದರೂ ರಸ್ತೆಯಲ್ಲಿ ಅವು ಬೇರೆ ಬೇರೆ ಊರುಗಳಿದ್ದಂತೆ. ಸಹಾರಿನ ಈಗಿನ ಕಟ್ಟಡ 2014ರ ಫೆಬ್ರವರಿಯಿಂದ ನಡೆಯುತ್ತಿದೆ. ಶಹಾಬಾದಿನ ಹಿರಿಯರು ಇಂದಿಗೂ ವಿದೇಶದ ವಿಮಾನ ಎಂಬುದಕ್ಕೆ ಸಹಾರ್ ಎಂದೇ ಹೇಳುತ್ತಾರೆ.

ಮನೆ ಬಾಗಿಲಿನವು ಎರಡು. ಚಿಂಚೋಳಿಗೆ ಹತ್ತಿರವಾದ ಬೀದರ ವಾಯುಪಡೆಯ ನೆಲೆ. ಅಲ್ಲಿ ನಾಗರಿಕ ಟರ್ಮಿನಲ್ ಸಿದ್ಧವಾಗಿದ್ದರೂ, ಶಂಷಾಬಾದಿನ 150 ಕಿ.ಮೀ. ಒಳಗೆ ಇನ್ನೊಂದು ನಿಲ್ದಾಣ ಬರಬಾರದೆಂಬ ಒಪ್ಪಂದದ ಷರತ್ತು ವರ್ಷಗಟ್ಟಲೆ ಅಡ್ಡ ನಿಂತಿತ್ತು. ಕೊನೆಗೆ 2020ರ ಫೆಬ್ರವರಿ 7ರಂದು ಬೆಂಗಳೂರಿನ ವಿಮಾನ ಹೊರಟಿತು.

ಕಲಬುರಗಿಯ ನಿಲ್ದಾಣಕ್ಕೆ 2008ರಲ್ಲಿ ಅಡಿಗಲ್ಲು ಬಿತ್ತು. ಖಾಸಗಿ ಪಾಲುದಾರಿಕೆ ನಡುವೆ ನಿಂತುಹೋಯಿತು, ಕೆಲಸ ಸರ್ಕಾರದ ಕೈಗೆ ಬಂತು, 2019ರ ನವೆಂಬರ್ 22ರಂದು ಉದ್ಘಾಟನೆಯಾಯಿತು. ಅದು ಇರುವುದು ಸೇಡಂ ರಸ್ತೆಯ ಕಡೆಗೆ, ಅಂದರೆ ಆಡಕಿ, ಸೇಡಂನವರಿಗೆ ಕಲಬುರಗಿ ಊರಿಗಿಂತ ಮೊದಲೇ ಸಿಗುತ್ತದೆ. ಓಡುದಾರಿ ಮೂರು ಕಿ.ಮೀ.ಗೂ ಮಿಕ್ಕಿ ಉದ್ದ, ಟರ್ಮಿನಲ್ ಚಿಕ್ಕದು, ಪಾರ್ಕಿಂಗ್ ಅದರ ಎದುರಿಗೇ. ಕಳಿಸಲು ಬಂದವರು ಗಾಡಿಯ ಪಕ್ಕದಲ್ಲೇ ನಿಂತು ಕೈ ಬೀಸಬಹುದು. ಇಲ್ಲಿ ಹುಡುಕಬೇಕಾದದ್ದು ಟರ್ಮಿನಲ್ ಅಲ್ಲ, ವಿಮಾನ. ಬೆಂಗಳೂರು, ತಿರುಪತಿ, ದೆಹಲಿ ಬಳಿಯ ಹಿಂಡನ್ ಎಂದು ಬಂದ ಮಾರ್ಗಗಳು ಆಗಾಗ ಶುರುವಾಗುತ್ತವೆ, ನಿಲ್ಲುತ್ತವೆ, ದಿನ ಬದಲಿಸುತ್ತವೆ. ವೇಳಾಪಟ್ಟಿಯಲ್ಲಿ ತಮಗೆ ಬೇಕಾದ ದಿನ ಸಿಕ್ಕಿದವರು ಈ ನಿಲ್ದಾಣಕ್ಕೆ ಹೋಗುತ್ತಾರೆ. ಸಿಗದವರ ಕ್ರೂಸರ್ ರಿಬ್ಬನಪಲ್ಲಿಯ ಕಡೆ ತಿರುಗುತ್ತದೆ.