ಕಡಲಿಗೆ ಬೆನ್ನು ಹಾಕಿದ ಹೊಳೆಗಳು

ನಕಾಶೆಯಲ್ಲಿ ಸೊರಬಕ್ಕೂ ಅರಬ್ಬಿ ಸಮುದ್ರಕ್ಕೂ ನಡುವೆ ಗೇಣುದ್ದದ ಅಂತರವೂ ಇಲ್ಲ. ಆದರೂ ಸೊರಬದ ದಂಡಾವತಿ, ಶಿಕಾರಿಪುರದ ಕುಮುದ್ವತಿ ಎರಡೂ ಆ ಕಡಲಿಗೆ ಬೆನ್ನು ಹಾಕಿ ಹರಿಯುತ್ತವೆ. ದಕ್ಷಿಣದ ಪ್ರಸ್ಥಭೂಮಿ ಪೂರ್ವಕ್ಕೆ ವಾಲಿರುವುದೇ ಇದಕ್ಕೆ ಕಾರಣ. ದಂಡಾವತಿ ವರದೆಗೆ, ವರದೆ ಮತ್ತು ಕುಮುದ್ವತಿ ತುಂಗಭದ್ರೆಗೆ, ಅಲ್ಲಿಂದ ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ. ನೆರೆಯ ಸಾಗರ ತಾಲ್ಲೂಕಿನ ಶರಾವತಿಯದು ಬೇರೆಯೇ ದಾರಿ: ಜೋಗದಲ್ಲಿ ಧುಮುಕಿ ಹೊನ್ನಾವರದ ಬಳಿ ಅರಬ್ಬಿ ಸಮುದ್ರ ಸೇರುತ್ತದೆ.

ನೀರನ್ನೇ ಗಡಿಯಾಗಿ ಎಣಿಸುವುದು ಇಲ್ಲಿ ಹಳೆಯ ಪದ್ಧತಿ. ಪಲ್ಲವರು ಕದಂಬ ಮಯೂರಶರ್ಮನಿಗೆ ಒಪ್ಪಿಸಿದ ನಾಡಿನ ಎಲ್ಲೆಯನ್ನು ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಶಾಸನ ಹೇಳುತ್ತದೆ: ಒಂದು ಕಡೆ ಪಶ್ಚಿಮ ಸಮುದ್ರ, ಇನ್ನೊಂದು ಕಡೆ ಪ್ರೇಹರಾ. ಸಮುದ್ರವೇನೋ ಇದ್ದಲ್ಲೇ ಇದೆ. ಪ್ರೇಹರಾ ಯಾವುದೆಂಬ ಬಗ್ಗೆ ಮಾತ್ರ ವಿದ್ವಾಂಸರಲ್ಲಿ ಒಮ್ಮತವಿಲ್ಲ.