ಕಾರಟಗಿ: ಕಾಲುವೆ ದಂಡೆಯ ಎರಡು ನುಡಿ

ಗಂಗಾವತಿಯಿಂದ ಸಿಂಧನೂರಿನ ಕಡೆಗೆ ಹೊರಟ ಬಸ್ಸು ಕಾರಟಗಿ ಮುಟ್ಟುವಷ್ಟರಲ್ಲಿ ಪ್ರಯಾಣಿಕನ ಕಿವಿಗೆ ಎರಡು ಭಾಷೆ ಬಿದ್ದಿರುತ್ತವೆ. ಮುಂದಿನ ಸೀಟಿನಲ್ಲಿ ‘ಯವ್ವಾ, ಸ್ವಲ್ಪ ಸರಕೊಂಡು ಕೂಡ್ರು’ ಎಂಬ ಮಾತು. ಹಿಂದಿನ ಸೀಟಿನಲ್ಲಿ ‘ಕೊಂಚೆಂ ಜರಗಂಡಿ’ ಎಂಬ ಮಾತು. ಎರಡರ ಅರ್ಥವೂ ಒಂದೇ. ಕಿಟಕಿಯಾಚೆ ಕಣ್ಣು ಹಾಯುವಷ್ಟು ದೂರ ಭತ್ತದ ಗದ್ದೆ, ನಡುನಡುವೆ ಅಕ್ಕಿ ಗಿರಣಿಗಳು. ಎಷ್ಟೋ ಊರುಗಳ ಹೆಸರಿನ ಕೊನೆಗೆ ‘ಕ್ಯಾಂಪ್’ ಎಂಬ ಬಾಲ. ಹೊಸದಾಗಿ ಬಂದವರು ಇವನ್ನು ಸೈನಿಕರ ಬಿಡಾರಗಳೆಂದು ಭಾವಿಸಿದರೆ ಅವರ ತಪ್ಪಲ್ಲ. ಇಲ್ಲಿ ಡೇರೆಗಳಿಲ್ಲ. ಇರುವುದು ಸಾಲುಮನೆ, ತೆಂಗಿನ ಮರ, ಗುಡಿ, ಶಾಲೆ, ಟ್ರ್ಯಾಕ್ಟರು.

ತಾತ್ಕಾಲಿಕ ಎಂಬ ಅರ್ಥದ ಆ ಹೆಸರು ಅರ್ಧ ಶತಮಾನ ಕಳೆದರೂ ಉಳಿದುಕೊಂಡಿದೆ. ಪರದೇಶಿಯಾಗಲು ಸಮುದ್ರ ದಾಟಬೇಕಿಲ್ಲ, ನಾಲ್ಕುನೂರು ಐನೂರು ಕಿಲೋಮೀಟರು ದೂರದ ಕಾಲುವೆಯೊಂದರ ದಂಡೆಗೆ ಬಂದರೂ ಸಾಕು ಎಂಬುದಕ್ಕೆ ಈ ಕ್ಯಾಂಪುಗಳೇ ಸಾಕ್ಷಿ.

ನೀರಿನ ಹಿಂದೆ ಬಂದವರು

ಹೊಸಪೇಟೆ ಬಳಿ ತುಂಗಭದ್ರಾ ಅಣೆಕಟ್ಟೆಗೆ 1945ರಲ್ಲಿ ಅಡಿಗಲ್ಲು ಬಿತ್ತು. ಆಗ ನದಿಯ ಎಡದಂಡೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ, ಬಲದಂಡೆ ಮದರಾಸು ಪ್ರಾಂತಕ್ಕೆ ಸೇರಿತ್ತು. 1953ರಲ್ಲಿ ಕಾಲುವೆಗೆ ನೀರು ಹರಿಯಿತು. 1956ರಲ್ಲಿ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅದರಿಂದ 1997ರಲ್ಲಿ ಕೊಪ್ಪಳ ಜಿಲ್ಲೆ ಬೇರೆಯಾಯಿತು. ಗಂಗಾವತಿ ತಾಲ್ಲೂಕಿನಲ್ಲಿದ್ದ ಕಾರಟಗಿ ಈಗ ತಾನೇ ಒಂದು ತಾಲ್ಲೂಕು.

ಈ ಸೀಮೆಯ ರೈತರು ಮಳೆಯನ್ನು ನಂಬಿ ಎರೆಹೊಲದಲ್ಲಿ ಜೋಳ, ಹತ್ತಿ ಬೆಳೆಯುತ್ತಿದ್ದವರು. ಭತ್ತಕ್ಕೆ ನೆಲವನ್ನು ಮಟ್ಟ ಮಾಡಬೇಕು, ಬದು ಕಟ್ಟಬೇಕು, ಕೆಸರು ಮಾಡಿ ಸಸಿ ನಾಟಿ ಹಚ್ಚಬೇಕು. ಅದಕ್ಕೆ ಬೇಕಾದ ದುಡ್ಡಾಗಲಿ ರೂಢಿಯಾಗಲಿ ಬಹಳ ಜನರಲ್ಲಿ ಇರಲಿಲ್ಲ. ಇತ್ತ ಕೃಷ್ಣಾ, ಗುಂಟೂರು, ಗೋದಾವರಿ ಜಿಲ್ಲೆಗಳ ರೈತರಿಗೆ ಭತ್ತವೇ ಬದುಕು. ತಮ್ಮೂರಿನಲ್ಲಿ ಒಂದು ಎಕರೆ ಮಾರಿದ ಹಣಕ್ಕೆ ಇಲ್ಲಿ ಹಲವು ಎಕರೆ ಸಿಗುತ್ತಿತ್ತು. ಹೀಗೆ ಕುಟುಂಬದ ಹಿಂದೆ ಕುಟುಂಬ ಬಂದು, ಹೊಲದ ಮಗ್ಗುಲಲ್ಲೇ ಗುಡಿಸಲು ಹಾಕಿಕೊಂಡವು. ಆ ಗುಡಿಸಲುಗಳ ಗುಂಪೇ ‘ಕ್ಯಾಂಪ್’ ಆಯಿತು.

‘ಇಲ್ಲು’ ಎಂದರೆ ಇಲ್ಲವೇ?

ಕನ್ನಡ ತೆಲುಗು ಅಕ್ಕತಂಗಿಯರಂಥ ಭಾಷೆಗಳು. ಅದರಿಂದಲೇ ಗಲಿಬಿಲಿಯೂ ಹೆಚ್ಚು. ತೆಲುಗಿನ ‘ಇಲ್ಲು’ ಎಂದರೆ ಮನೆ, ಕನ್ನಡದ ‘ಇಲ್ಲ’ ಎಂದರೆ ಇಲ್ಲವೇ ಇಲ್ಲ. ಈ ಭಾಗದಲ್ಲಿ ‘ಅವ್ವ’ ಎಂದರೆ ಹಡೆದ ತಾಯಿ, ತೆಲುಗಿನಲ್ಲಿ ‘ಅವ್ವ’ ಎಂದರೆ ಮುದುಕಿ. ನಡುವಯಸ್ಸಿನ ತೆಲುಗು ಹೆಂಗಸನ್ನು ಇಲ್ಲಿನ ಹುಡುಗ ಅಕ್ಕರೆಯಿಂದ ‘ಯವ್ವಾ’ ಎಂದು ಕರೆದರೆ, ಅವಳಿಗೆ ತನ್ನ ತಲೆ ಇಷ್ಟು ಬೇಗ ನರೆಯಿತೇ ಎಂಬ ಸಂಶಯ!

ಮರ್ಯಾದೆಯ ಲೆಕ್ಕವೂ ಬೇರೆ. ಗೋದಾವರಿ ಕಡೆಯವರ ಮಾತಿನ ತುದಿಗೆಲ್ಲ ‘ಅಂಡಿ’ ಅಂಟಿಕೊಂಡಿರುತ್ತದೆ. ಇಲ್ಲಿನ ಹಳ್ಳಿಯಲ್ಲಿ ಅಪ್ಪ, ಅಜ್ಜ, ದೇವರು ಮೂವರಿಗೂ ‘ನೀ’ ಎನ್ನುವುದೇ ಪ್ರೀತಿ. ಹೊಸಬರಿಗೆ ಅದು ಒರಟಾಗಿ ಕೇಳಿಸುತ್ತದೆ. ‘ಬರ್‍ರೀ, ಕೂಡ್ರೀ’ ಎಂಬ ಮಾತಿನ ‘ರೀ’ ತಮ್ಮ ‘ಅಂಡಿ’ಯ ತಂಗಿಯೇ ಎಂದು ತಿಳಿದ ದಿನ ಅವರಿಗೆ ಅರ್ಧ ಕನ್ನಡ ಬಂದಂತೆ.

ಉಳಿದರ್ಧವನ್ನು ಮಕ್ಕಳು ಶಾಲೆಯಿಂದ ಮನೆಗೆ ತರುತ್ತಾರೆ. ಎರಡೂ ಲಿಪಿಗಳು ಒಂದೇ ಹಳೆಯ ಲಿಪಿಯಿಂದ ಕವಲೊಡೆದವು. ತೆಲುಗು ಅಕ್ಷರದ ನೆತ್ತಿಯ ಮೇಲೆ ಗುರುತಿನ ಗೀಟು, ಕನ್ನಡದ್ದರಲ್ಲಿ ಬಾಗಿದ ತಲೆಕಟ್ಟು. ಕನ್ನಡ ಕಲಿತ ಹುಡುಗಿ ಮನೆಯಲ್ಲಿರುವ ತೆಲುಗು ಪುಸ್ತಕವನ್ನು ತಡವರಿಸುತ್ತಲೇ ಓದಬಲ್ಲಳು. ‘ಪುಲಿ’ ಹುಲಿಯಾಗುವುದು, ‘ಪಾಮು’ ಹಾವಾಗುವುದು, ‘ಪಾಲು’ ಹಾಲಾಗುವುದು ಅವಳಿಗೆ ಆಟದಂತೆ ತಿಳಿಯುತ್ತದೆ. ಹಳಗನ್ನಡದ ‘ಪ’ಕಾರ ಹೊಸಗನ್ನಡದಲ್ಲಿ ‘ಹ’ಕಾರವಾದ ಪಾಠ ಬಂದಾಗ ತರಗತಿಯಲ್ಲಿ ಎಲ್ಲರಿಗಿಂತ ಮೊದಲು ತಲೆಯಾಡಿಸುವವಳು ಅವಳೇ.

ಒಂದೇ ಸೊಪ್ಪು, ಎರಡು ಅಡುಗೆ

ಊಟದಲ್ಲಿ ಜೋಳದ ರೊಟ್ಟಿಗೂ ಅನ್ನಕ್ಕೂ ಮೊದಮೊದಲು ಬಲು ದೂರ. ರೊಟ್ಟಿ ತಿನ್ನದೆ ಮೈಗೆ ಕಸುವು ಎಲ್ಲಿಂದ ಬಂದೀತು ಎಂದು ಊರಿನವರು, ಅನ್ನವಿಲ್ಲದೆ ಅದೆಂಥ ಊಟ ಎಂದು ಕ್ಯಾಂಪಿನವರು. ಇಬ್ಬರನ್ನೂ ಕೂಡಿಸಿದ್ದು ಒಂದು ಹುಳಿಸೊಪ್ಪು ಎನ್ನಬಹುದು. ಆಂಧ್ರದವರು ಪ್ರಾಣ ಬಿಡುವ ಗೋಂಗೂರವೇ ನಮ್ಮ ಪುಂಡಿಪಲ್ಯ. ಅವರು ಅದನ್ನು ಎಣ್ಣೆ, ಒಣಮೆಣಸಿನಕಾಯಿ ಹಾಕಿ ಪಚ್ಚಡಿ ಮಾಡಿದರೆ, ಇವರು ಜೋಳದ ನುಚ್ಚು ಬೆರೆಸಿ ಬೇಯಿಸಿ ಬಳ್ಳೊಳ್ಳಿ ಒಗ್ಗರಣೆ ಕೊಡುತ್ತಾರೆ. ಬೇಸಿಗೆಯಲ್ಲಿ ಕ್ಯಾಂಪಿನ ಮನೆಯಿಂದ ಆವಕಾಯ ಉಪ್ಪಿನಕಾಯಿ ಊರಿಗೆ ಬಂದರೆ, ಊರಿನಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಆ ಕಡೆಗೆ ಹೋಗುತ್ತವೆ.

ಹಬ್ಬಗಳದೂ ಇದೇ ಕಥೆ. ಎಳ್ಳಮಾವಾಸ್ಯೆಗೆ ಊರಿನವರು ಹೊಲದಲ್ಲಿ ಚರಗ ಚೆಲ್ಲಿ, ಬಂಧುಬಳಗದೊಂದಿಗೆ ಅಲ್ಲೇ ಉಣ್ಣುತ್ತಾರೆ. ಕ್ಯಾಂಪಿನವರದು ಭೋಗಿ, ಸಂಕ್ರಾಂತಿ, ಕನುಮ ಎಂಬ ಮೂರು ದಿನದ ಸಂಭ್ರಮ. ಅಂಗಳದ ತುಂಬ ರಂಗೋಲಿ, ರಂಗೋಲಿಯ ನಡುವೆ ಹೂ ಮುಡಿದ ಸಗಣಿಯ ಗೊಬ್ಬೆಮ್ಮ. ಮದುವೆಯಲ್ಲಿ ಊರಿನವರು ಹಗಲು ಅಕ್ಕಿಕಾಳು ಹಾಕಿ ಉಂಡು ಹೊರಟರೆ, ತೆಲುಗರ ಮುಹೂರ್ತ ಎಷ್ಟೋ ಸಲ ನಡುರಾತ್ರಿ. ಯುಗಾದಿ ಮಾತ್ರ ಇಬ್ಬರಿಗೂ ಒಂದೇ ದಿನ, ಬೇವಿನ ಕಹಿಯೂ ಒಂದೇ.

ಯಾರ ಪಾಲು ಎಷ್ಟು?

ಇಷ್ಟಕ್ಕೇ ಕಥೆ ಮುಗಿದರೆ ಚೆಂದವಿತ್ತು. ಎಡದಂಡೆ ಕಾಲುವೆಯನ್ನು ಯೋಜಿಸಿದ್ದು ಕಡಿಮೆ ನೀರು ಬೇಡುವ ಬೆಳೆಗಳಿಗಾಗಿ, ಹೆಚ್ಚು ಹೊಲಗಳಿಗೆ ಸ್ವಲ್ಪ ಸ್ವಲ್ಪ ನೀರು ಹಂಚುವ ಉದ್ದೇಶದಿಂದ. ಮೇಲ್ಭಾಗದಲ್ಲಿ ಭತ್ತ ಹಬ್ಬಿದಂತೆಲ್ಲ ಮಾನ್ವಿ, ರಾಯಚೂರು ಕಡೆಯ ಕೆಳಭಾಗದ ರೈತರಿಗೆ ನೀರು ಮುಟ್ಟದಾಯಿತು. ಡಚ್ ಸಂಶೋಧಕ ಪೀಟರ್ ಮೊಲ್ಲಿಂಗ ಈ ಕಾಲುವೆಯ ನೀರಿನ ಹಂಚಿಕೆಯನ್ನೇ ಅಧ್ಯಯನ ಮಾಡಿ ‘ಆನ್ ದಿ ವಾಟರ್‌ಫ್ರಂಟ್’ ಎಂಬ ಗ್ರಂಥ ಬರೆದಿದ್ದಾರೆ. ಭತ್ತ ಬೆಳೆದವರು ವಲಸಿಗರಷ್ಟೇ ಅಲ್ಲ. ಅವರನ್ನು ನೋಡಿ ಊರಿನವರೂ ಕಲಿತರು, ಗಳಿಸಿದರು. ಆದರೆ ಅಗ್ಗಕ್ಕೆ ಹೊಲ ಮಾರಿ, ಅದೇ ಹೊಲದಲ್ಲಿ ಕೂಲಿಗೆ ನಿಂತ ಮನೆಗಳೂ ಉಂಟು. ನೀರು ನಿಂತು ಸವಳಾದ ನೆಲವೂ ಉಂಟು. ಆ ನೋವನ್ನು ಮರೆಸಿ ಕ್ಯಾಂಪಿನ ಏಳಿಗೆಯನ್ನಷ್ಟೇ ಹೊಗಳಿದರೆ ಅದು ಅರ್ಧ ಸತ್ಯ.

ಕ್ಯಾಂಪಿನ ಮೊಮ್ಮಕ್ಕಳದು ಮತ್ತೊಂದು ಬಗೆಯ ಸಂಕಟ. ಅಜ್ಜನ ಊರಿಗೆ ಹೋದರೆ ಅಲ್ಲಿ ಅವರು ಕರ್ನಾಟಕದವರು, ಅವರ ತೆಲುಗಿನಲ್ಲಿ ಕನ್ನಡದ ರಾಗ. ಇಲ್ಲಿಗೆ ಮರಳಿದರೆ ‘ಕ್ಯಾಂಪಿನವರು’. ಕಾನೂನಿನ ಉತ್ತರ ಸರಳ. ಸಂವಿಧಾನದ 371(ಜೆ) ವಿಧಿಯಂತೆ ಈ ಭಾಗಕ್ಕೆ ಬಂದ ಮೀಸಲಾತಿಯಲ್ಲಿ, ಇಲ್ಲಿ ಹುಟ್ಟಿದವರೂ, 2013ರ ಜನವರಿ 1ಕ್ಕೆ ಮೊದಲು ಕನಿಷ್ಠ 10 ವರ್ಷ ನೆಲೆಸಿದವರೂ ಸ್ಥಳೀಯರೇ. ಪ್ರಮಾಣಪತ್ರ ಕಚೇರಿಯಲ್ಲಿ ಸಿಗುತ್ತದೆ. ‘ನಮ್ಮವ’ ಎಂಬ ಮಾತು ಮಾತ್ರ ನೆರೆಮನೆಯಿಂದಲೇ ಬರಬೇಕು.

ಅದು ಬರುವ ಹೊತ್ತೂ ಉಂಟು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಗೇಟುಗಳಲ್ಲಿ 19ನೆಯದು ಕಿತ್ತುಹೋಯಿತು. ನೀರು ನದಿಗೆ ನುಗ್ಗಿತು. ತಾತ್ಕಾಲಿಕ ಗೇಟು ಕೂಡುವ ತನಕ, ಸುಮಾರು ಒಂದು ವಾರ, ಕಾಲುವೆಯನ್ನು ನಂಬಿದ ಎಲ್ಲ ಮನೆಗಳಲ್ಲೂ ಒಂದೇ ಚಿಂತೆ. ಹೂಳು ತುಂಬಿ 133 ಟಿಎಂಸಿ ಸಾಮರ್ಥ್ಯ ಸುಮಾರು 105ಕ್ಕೆ ಇಳಿದಿರುವುದೂ ಊರು, ಕ್ಯಾಂಪು ಎಂದು ನೋಡಿ ಕಾಡುವ ಕಷ್ಟವಲ್ಲ.

ಕಾರಟಗಿಯ ಶಾಲೆಯ ಮಕ್ಕಳು ‘ಪಾಲು’ ಎಂಬ ಪದದ ಮೇಲೆ ಜಗಳವಾಡಿದರೆ ಆಶ್ಚರ್ಯವಿಲ್ಲ. ಕನ್ನಡದ ಹುಡುಗನಿಗೆ ಅದು ಹಂಚಿಕೆ, ತೆಲುಗು ಹುಡುಗಿಗೆ ಅದು ಹಾಲು. ಅವಳ ಭಾಷೆಯಲ್ಲಿ ಅದಕ್ಕೆ ಹಂಚಿಕೆ ಎಂಬ ಅರ್ಥವೂ ಇದೆ, ಅವನ ಹಳಗನ್ನಡದಲ್ಲಿ ಹಾಲೂ ಇದೆ. ನಾಳೆ ಕಾಲುವೆಯ ಮುಂದೆ ನಿಂತು ನೀರು ಹಂಚಿಕೊಳ್ಳಬೇಕಾದವರು ಈ ಇಬ್ಬರೇ. ಕೆಳಭಾಗದ ಮಾನ್ವಿಯ ಹುಡುಗನ ಪಾಲನ್ನೂ ಅವರು ಮರೆಯದಿದ್ದರೆ, ಓದಿದ್ದು ಸಾರ್ಥಕ.