ಹೊಲಗಳ ನಡುವಣ ಮಾರ್ಟಿನ್ನರ ಇಗರ್ಜಿ

ಲಂಡನ್ ನಗರವನ್ನು ನೋಡಲು ಹೋದವರು ಟ್ರಫಾಲ್ಗರ್ ಚೌಕವನ್ನು ನೋಡದೆ ಹಿಂದಿರುಗುವುದಿಲ್ಲ. ನೆಲ್ಸನ್ ಸೇನಾನಿಯ ಎತ್ತರವಾದ ಕಂಬ, ಅದರ ಬುಡವನ್ನು ಕಾಯುತ್ತ ಮಲಗಿರುವ ನಾಲ್ಕು ಲೋಹದ ಸಿಂಹಗಳು, ಕಾರಂಜಿಗಳು, ಬಡಗಣ ದಿಕ್ಕಿನಲ್ಲಿ ರಾಷ್ಟ್ರೀಯ ಚಿತ್ರಶಾಲೆ. ಇಷ್ಟನ್ನು ಕಂಡು, ಒಂದು ಭಾವಚಿತ್ರ ತೆಗೆಸಿಕೊಂಡು ಮುಂದಕ್ಕೆ ನಡೆದುಬಿಡುವುದು ವಾಡಿಕೆ. ಚೌಕದ ಈಶಾನ್ಯದ ಮೂಲೆಯಲ್ಲಿ ಬಿಳಿಯ ಕಲ್ಲಿನ ಇಗರ್ಜಿಯೊಂದು ನಿಂತಿದೆ. ಅದನ್ನು ದೂರದಿಂದ ನೋಡಿ ತಲೆದೂಗುವವರೇ ಹೆಚ್ಚು. ಒಳಹೊಕ್ಕು ನೋಡುವವರು ಕಡಿಮೆ. ಅದರ ನೆಲಮಾಳಿಗೆಗೆ ಇಳಿದು, ಅಲ್ಲಿ ಒಂದು ನೂರು ವರ್ಷಕ್ಕೂ ಮೇಲ್ಪಟ್ಟು ನಡೆದುಬಂದಿರುವ ಕೆಲಸವೇನೆಂದು ವಿಚಾರಿಸುವವರು ಇನ್ನೂ ಕಡಿಮೆ. ವಾಚಕರನ್ನು ನಾವು ಈ ಸಲ ಕರೆದೊಯ್ಯಬೇಕೆಂದಿರುವುದು ಅಲ್ಲಿಗೆ.

ಸೇಂಟ್ ಮಾರ್ಟಿನ್ ಇನ್ ದ ಫೀಲ್ಡ್ಸ್ ಎಂದು ಇದರ ಹೆಸರು. ಹೊಲಗಳ ನಡುವಣ ಮಾರ್ಟಿನ್ನರ ಗುಡಿ ಎಂದರ್ಥ. ಹಿಂದೆ ಲಂಡನ್ ಪಟ್ಟಣವೇ ಬೇರೆ, ವೆಸ್ಟ್‌ಮಿನ್‌ಸ್ಟರ್ ಪಟ್ಟಣವೇ ಬೇರೆಯಾಗಿದ್ದ ಕಾಲದಲ್ಲಿ ಎರಡಕ್ಕೂ ನಡುವೆ ಇಲ್ಲಿ ಹೊಲಗಳಿದ್ದುವು. ಈಗ ಹುಡುಕಿದರೂ ಒಂದು ಹಿಡಿ ಬೆಳೆಯುವಷ್ಟು ನೆಲವಿಲ್ಲ. ಹೆಸರು ಮಾತ್ರ ಉಳಿದಿದೆ. ಈಗಿನ ಕಟ್ಟಡವನ್ನು ಜೇಮ್ಸ್ ಗಿಬ್ಸ್ ಎಂಬ ಸ್ಕಾಟ್ಲೆಂಡಿನ ಶಿಲ್ಪಿ ರಚಿಸಿದನು. 1726ರಲ್ಲಿ ಕೆಲಸ ಪೂರ್ತಿಯಾಯಿತು. ಮುಂದೆ ಅಗಲವಾದ ಮೆಟ್ಟಲುಗಳು, ಸಾಲಾಗಿ ಆರು ದೊಡ್ಡ ಕಂಬಗಳ ಮುಖಮಂಟಪ, ಅದರ ಹಿಂದಿನಿಂದ ಸುಮಾರು 190 ಅಡಿ ಎತ್ತರಕ್ಕೆ ಎದ್ದ ಗೋಪುರ. ಮಂಟಪವೂ ಗೋಪುರವೂ ಹೀಗೆ ಒಂದರ ತಲೆಯ ಮೇಲೊಂದು ಕೂಡುವುದು ಯುಕ್ತವಲ್ಲವೆಂದು ಆಗಿನ ಪಂಡಿತರು ಆಕ್ಷೇಪಿಸಿದ್ದುಂಟು. ಆಮೇಲೆ ಅದೇ ಮಾದರಿಯು ದೇಶದೇಶಗಳಿಗೆ ಹರಡಿತು. ಮದ್ರಾಸಿನ ಎಗ್ಮೋರಿನಲ್ಲಿ 1821ರಲ್ಲಿ ಮುಗಿದ ಸೇಂಟ್ ಆಂಡ್ರೂಸ್ ಇಗರ್ಜಿಯನ್ನು ಕಂಡ ನಮ್ಮವರಿಗೆ ಇದನ್ನು ನೋಡಿದಾಗ ಎಲ್ಲೋ ನೋಡಿದ ಮುಖವೆನಿಸಿದರೆ ಆಶ್ಚರ್ಯವಿಲ್ಲ. ಅದು ಈ ಕುಲದ್ದೇ.

ಇಂಗ್ಲೆಂಡಿನ ಆಂಗ್ಲಿಕನ್ ಸಭೆಯಲ್ಲಿ ಊರನ್ನೆಲ್ಲ ಪ್ಯಾರಿಷ್‌ಗಳಾಗಿ ಹಂಚಿರುವರು. ಪ್ಯಾರಿಷ್ ಎಂದರೆ ಒಂದು ಇಗರ್ಜಿಗೆ ಸೇರಿದ ಹೋಬಳಿಯೆಂದು ತಿಳಿದುಕೊಳ್ಳಬಹುದು. ಅದರ ಗುರುವಿಗೆ ವಿಕಾರ್ ಎಂದು ಹೆಸರು. ಆ ಎಲ್ಲೆಯೊಳಗೆ ವಾಸವಾಗಿರುವವರೆಲ್ಲ, ಅವರು ಪ್ರಾರ್ಥನೆಗೆ ಬಂದರೂ ಸರಿ ಬಾರದಿದ್ದರೂ ಸರಿ, ವಿಕಾರರ ಹೊಣೆಗೆ ಸೇರಿದವರು. ಬೆಂಗಳೂರಿನ ಸೇಂಟ್ ಮಾರ್ಕ್ಸ್ ಮೊದಲಾದ ಇಗರ್ಜಿಗಳಲ್ಲಿಯೂ ಇದೇ ಪದ್ಧತಿಯಿದ್ದಿತು. 1947ರಲ್ಲಿ ಅವು ದಕ್ಷಿಣ ಭಾರತ ಸಭೆಯಲ್ಲಿ ಕೂಡಿಕೊಂಡುವು. ಮಾರ್ಟಿನ್ನರ ಪ್ಯಾರಿಷ್ಷಿನ ವಿಶೇಷವೇನೆಂದರೆ, ಬಕಿಂಗ್‌ಹ್ಯಾಮ್ ಅರಮನೆಯೂ ಇದರ ಎಲ್ಲೆಗೆ ಸೇರಿದುದು. ಮೊದಲನೆಯ ಜಾರ್ಜ್ ದೊರೆಯು ಈ ಇಗರ್ಜಿಯ ಧರ್ಮದರ್ಶಿಯೇ ಆಗಿದ್ದನು. ಇಂದಿಗೂ ಮುಖಮಂಟಪದ ಮೇಲೆ ರಾಜಲಾಂಛನವಿದೆ. ಅದೇ ಮಂಟಪದ ಕೆಳಗೆ, ಅದೇ ಹೋಬಳಿಯ ಕಾಲುದಾರಿಗಳಲ್ಲಿ, ರಾತ್ರಿಯ ಹೊತ್ತು ರಟ್ಟಿನ ಹಾಳೆ ಹಾಸಿಕೊಂಡು ಮಲಗುವವರಿದ್ದಾರೆ. ಅರಮನೆಯವರೂ ಇವರೂ ಒಂದೇ ವಿಕಾರರ ಲೆಕ್ಕದವರು.

ಗುಡಿಯು ಯಾರ ಹೆಸರಿನದೋ ಅವರ ಕಥೆಯನ್ನು ಇಲ್ಲಿ ಹೇಳಲೇಬೇಕು. ಮಾರ್ಟಿನ್ ನಾಲ್ಕನೆಯ ಶತಮಾನದ ರೋಮನ್ ಸಿಪಾಯಿ. ಕಡುಚಳಿಯ ಒಂದು ದಿನ ಫ್ರಾನ್ಸಿನ ಆಮಿಯಾನ್ ಪಟ್ಟಣದ ಬಾಗಿಲಲ್ಲಿ ಮೈಮೇಲೆ ಬಟ್ಟೆಯಿಲ್ಲದ ಭಿಕ್ಷುಕನನ್ನು ಕಂಡನು. ಕೈಯಲ್ಲಿ ಕಾಸಿರಲಿಲ್ಲ. ಕತ್ತಿಯನ್ನು ಹಿರಿದು ತಾನು ಹೊದ್ದಿದ್ದ ನಿಲುವಂಗಿಯನ್ನೇ ಎರಡಾಗಿ ಸೀಳಿ, ಅರ್ಧವನ್ನು ಅವನಿಗೆ ಹೊದಿಸಿ, ಅರ್ಧವನ್ನು ತಾನು ಹೊದ್ದುಕೊಂಡನು. ಆ ಹರಿದ ವೇಷವನ್ನು ನೋಡಿ ನಿಂತವರಲ್ಲಿ ಕೆಲವರು ನಕ್ಕರಂತೆ. ಅಂದಿನ ರಾತ್ರಿ ಕನಸಿನಲ್ಲಿ ಕ್ರಿಸ್ತನು ಆ ಅರ್ಧ ಬಟ್ಟೆಯನ್ನು ಧರಿಸಿ ಕಾಣಿಸಿಕೊಂಡನೆಂದು ಐತಿಹ್ಯ. ಪೂರ್ತಿ ಬಟ್ಟೆಯನ್ನು ಕೊಟ್ಟು ತಾನು ನಡುಗುತ್ತ ನಿಂತಿದ್ದರೆ ಅವನು ಮಹಾತ್ಯಾಗಿಯೆನಿಸುತ್ತಿದ್ದನು, ನಿಜ. ಆದರೆ ಒಂದೇ ಬಟ್ಟೆಯಲ್ಲಿ ಇಬ್ಬರು ಬೆಚ್ಚಗಾದುದರಲ್ಲಿ ಬೇರೊಂದು ಸೊಗಸಿದೆಯೆಂದು ನಮಗೆ ತೋರುತ್ತದೆ. ಆ ನಿಲುವಂಗಿಯ ಲ್ಯಾಟಿನ್ ಹೆಸರಿನಿಂದಲೇ ‘ಚಾಪೆಲ್’ ಎಂಬ ಮಾತು ಹುಟ್ಟಿತು.

ಮಾರ್ಟಿನ್ನರ ಇಗರ್ಜಿ ತನ್ನ ಹೆಸರಿಗೆ ತಕ್ಕಂತೆ ನಡೆಯತೊಡಗಿದುದು 1914ರಲ್ಲಿ ಡಿಕ್ ಶೆಪ್ಪರ್ಡ್ ಎಂಬವರು ವಿಕಾರರಾಗಿ ಬಂದ ಮೇಲೆ. ಅವರು ಅದಕ್ಕೆ ಮೊದಲು ಲಂಡನ್ನಿನ ಪೂರ್ವಭಾಗದ ಬಡಕೇರಿಗಳಲ್ಲಿ ದುಡಿದಿದ್ದರು. ಉಬ್ಬಸದಿಂದ ಬಳಲುತ್ತಿದ್ದ ದೇಹ, ಎಂಥವರನ್ನೂ ಒಂದು ಗಳಿಗೆಯಲ್ಲಿ ಸ್ನೇಹಿತರನ್ನಾಗಿ ಮಾಡಿಕೊಳ್ಳುವ ಸ್ವಭಾವ. ಆಗ ಮೊದಲನೆಯ ಮಹಾಯುದ್ಧ ನಡೆಯುತ್ತಿದ್ದಿತು. ಚೇರಿಂಗ್ ಕ್ರಾಸ್ ರೈಲು ನಿಲ್ದಾಣ ಇಗರ್ಜಿಗೆ ಕೂಗಳತೆಯಲ್ಲಿದೆ. ಫ್ರಾನ್ಸಿನ ಕಂದಕಗಳಿಂದ ರಜೆಯ ಮೇಲೆ ಬರುವ ಸಿಪಾಯಿಗಳು, ಮರಳಿ ಅಲ್ಲಿಗೇ ಹೋಗುವ ಸಿಪಾಯಿಗಳು, ಹೊತ್ತಲ್ಲದ ಹೊತ್ತಿನಲ್ಲಿ ಅಲ್ಲಿ ಇಳಿದು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಲ್ಲುವರು. ಶೆಪ್ಪರ್ಡರು ಇಗರ್ಜಿಯ ಬಾಗಿಲಿಗೆ ಬೀಗ ಹಾಕುವುದನ್ನು ನಿಲ್ಲಿಸಿದರು. ಹಗಲೂ ರಾತ್ರಿಯೂ ತೆರೆದೇ ಇಟ್ಟರು. ಸತ್ತವರಿಗೆಂದು ಕಟ್ಟಿದ್ದ ನೆಲಮಾಳಿಗೆಯಲ್ಲಿ ಬದುಕಿರುವವರು ಮಲಗತೊಡಗಿದರು. ಯುದ್ಧ ಮುಗಿದ ಮೇಲೆ ಸಿಪಾಯಿಗಳ ಜಾಗಕ್ಕೆ ಕೆಲಸವಿಲ್ಲದವರು ಬಂದರು, ಬಾಗಿಲು ಮುಚ್ಚಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಬಾಂಬುಗಳಿಂದ ತಪ್ಪಿಸಿಕೊಳ್ಳಲು ಜನ ಅಲ್ಲಿಗೇ ಇಳಿದರು.

ಶೆಪ್ಪರ್ಡರ ಇನ್ನೊಂದು ಸಾಹಸವನ್ನು ಬಿಡುವಂತಿಲ್ಲ. 1924ರ ಜನವರಿ 6ರಂದು ಬಿ.ಬಿ.ಸಿ.ಯವರು ಮೊದಲ ಬಾರಿಗೆ ಇಗರ್ಜಿಯೊಂದರ ಆರಾಧನೆಯನ್ನು ರೇಡಿಯೋ ಮೂಲಕ ಪ್ರಸಾರಮಾಡಿದುದು ಇಲ್ಲಿಂದ. ದೇವರ ಸೇವೆಯನ್ನು ಮಂತ್ರಪೆಟ್ಟಿಗೆಯಲ್ಲಿ ತುಂಬಿ ಪಾನಶಾಲೆಗಳಲ್ಲಿಯೂ ಕೇಳಿಸುವಂತೆ ಮಾಡುವುದೆ ಎಂದು ಹಲವರು ಮುನಿದರು. ಕೇಳುವವರು ಕೇಳಿದರು. 1927ರಿಂದ ಪ್ರತಿ ವರ್ಷ ಕ್ರಿಸ್‌ಮಸ್ಸಿನ ಮುಂದೆ ಅದೇ ರೇಡಿಯೋದಲ್ಲಿ ಇಲ್ಲಿನ ವಿಕಾರರು ಮನೆಯಿಲ್ಲದವರಿಗಾಗಿ ಸಹಾಯ ಬೇಡುವುದು ನಡೆದುಬಂದಿದೆ. ಹೀಗೆ ಕೂಡಿದ ಹಣದಲ್ಲಿ ಒಂದು ಭಾಗವು ವಿಕಾರರ ಸಹಾಯನಿಧಿಗೆ ಹೋಗುತ್ತದೆ. ಅದರ ಕ್ರಮ ಗೃಹಸ್ಥರು ಮೆಚ್ಚತಕ್ಕದ್ದು. ಬಾಡಿಗೆ ಬಾಕಿಯಾಗಿ ನಾಳೆ ಬೀದಿಗೆ ಬೀಳುವ ಸಂಸಾರಕ್ಕೆ, ಅಥವಾ ಬೀದಿಯಿಂದ ಎದ್ದು ಒಂದು ಕೋಣೆ ಹಿಡಿಯುವುದಕ್ಕೆ ಮುಂಗಡವಿಲ್ಲದವನಿಗೆ, ಅವರ ಕಷ್ಟವನ್ನು ಕಣ್ಣಾರೆ ಕಂಡ ಕಾರ್ಯಕರ್ತರು ಬರೆದುಕೊಂಡರೆ, ಕೆಲವು ನೂರು ಪೌಂಡು ಕೆಲವೇ ದಿನಗಳಲ್ಲಿ ದೊರೆಯುತ್ತದೆ. ಮೊತ್ತ ದೊಡ್ಡದಲ್ಲ. ಮನೆ ಹೋದ ಮೇಲೆ ಸಾವಿರ ಕೊಡುವುದಕ್ಕಿಂತ ಹೋಗುವ ಮುನ್ನ ನೂರು ಕೊಡುವುದು ಲೇಸೆಂಬುದನ್ನು ಸಾಲ ಮಾಡಿ ಸಂಸಾರ ನಡೆಸಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಆದರೂ ಆ ಕಾಲುದಾರಿಯಲ್ಲಿ ಮಲಗುವವರು ಇಲ್ಲದಂತಾದರೆ? ಇಲ್ಲ. ಒಂದು ಶತಮಾನ ಅನ್ನವಿಟ್ಟ ಬಾಗಿಲ ಮುಂದೆಯೇ ಇನ್ನೂ ಜನ ಚಳಿಯಲ್ಲಿ ಮಲಗುತ್ತಾರೆಂದರೆ ಆ ದಾನದಿಂದ ಏನಾಯಿತು ಎಂದು ಯಾರಾದರೂ ಕೇಳಿದರೆ ಅದು ಕುಹಕದ ಪ್ರಶ್ನೆಯಲ್ಲ. ಈ ಇಗರ್ಜಿಯವರೂ ಅದನ್ನು ಕೇಳಿಕೊಂಡಿರಬೇಕು. ಏಕೆಂದರೆ ಮನೆಗಳ ಅಭಾವದ ವಿಷಯದಲ್ಲಿ ಸರಕಾರವನ್ನು ಬೆನ್ನಟ್ಟಿ ಕೇಳುವ ಶೆಲ್ಟರ್ ಎಂಬ ಸಂಸ್ಥೆಯು 1966ರ ಡಿಸೆಂಬರ್ 1ರಂದು ಪ್ರಾರಂಭವಾದುದು ಇದೇ ಕಟ್ಟಡದಲ್ಲಿ. ಗಂಜಿ ಎರೆಯುವ ಕೈಯೂ ಬೇಕು, ಗಂಜಿಗೆ ಗತಿಯಿಲ್ಲದಂತೆ ಮಾಡಿದವರಾರೆಂದು ಗಟ್ಟಿಯಾಗಿ ಕೇಳುವ ಬಾಯಿಯೂ ಬೇಕು. ಎರಡನೆಯದು ಬರುವವರೆಗೆ ಮೊದಲನೆಯದನ್ನು ನಿಲ್ಲಿಸಿ ಕಾಯುತ್ತೇವೆಂಬುದು ಹೊಟ್ಟೆ ತುಂಬಿದವರ ಮಾತು. ಇಗರ್ಜಿಯ ಮಗ್ಗುಲಲ್ಲೇ ‘ಕನೆಕ್ಷನ್’ ಎಂಬ ಆಶ್ರಯಕೇಂದ್ರವಿದೆ. ಬೀದಿಯಲ್ಲಿ ಮಲಗುವವರನ್ನು ಹುಡುಕಿಕೊಂಡು ಹೋಗಿ ಮಾತನಾಡಿಸುವುದು, ಸ್ನಾನ, ಊಟ, ಕಾಗದಪತ್ರಗಳ ಸಹಾಯ, ಕೆಲಸ ಕಲಿಸುವುದು, ಇವೆಲ್ಲ ಅಲ್ಲಿ ಸಂಬಳದ ನೌಕರರಿಂದಲೂ ಸ್ವಯಂಸೇವಕರಿಂದಲೂ ನಡೆಯುತ್ತವೆ.

ಈಗ ನೆಲಮಾಳಿಗೆಗೆ ಇಳಿಯೋಣ. 2008ರಲ್ಲಿ ಮೂವತ್ತಾರು ಮಿಲಿಯ ಪೌಂಡಿನ ವೆಚ್ಚದಲ್ಲಿ ಎಲ್ಲವನ್ನೂ ಜೀರ್ಣೋದ್ಧಾರ ಮಾಡಿ, ಇಳಿಯುವುದಕ್ಕೆ ಗಾಜಿನ ಮಂಟಪವೊಂದನ್ನು ಕಟ್ಟಿರುವರು. ಕೆಳಗೆ ಇಟ್ಟಿಗೆಯ ಕಮಾನುಗಳ ಅಡಿಯಲ್ಲಿ ದೊಡ್ಡದೊಂದು ಉಪಾಹಾರಶಾಲೆ. ನೆಲವನ್ನು ನೋಡಿ ನಾವು ಕಾಲು ಹಿಂದೆಗೆದೆವು: ಹಾಸಿದ್ದುವೆಲ್ಲ ಹಳೆಯ ಗೋರಿಕಲ್ಲುಗಳು! ಹೆಸರು, ಇಸವಿ ಕೆತ್ತಿದ ಕಲ್ಲುಗಳ ಮೇಲೆ ಮೇಜು ಕುರ್ಚಿಗಳು, ಮೇಜಿನ ಮೇಲೆ ಬಿಸಿ ಸಾರು. ನಮ್ಮ ಅಜ್ಜಿಯರು ಕಂಡಿದ್ದರೆ ಊಟ ಹಾಗಿರಲಿ, ಮನೆಗೆ ಬಂದೊಡನೆ ತಲೆಗೆ ನೀರು ಹಾಕಿಸುತ್ತಿದ್ದರು. ಆ ದೇಶದವರಿಗೆ ಅದು ಸಹಜ. ಈ ಉಪಾಹಾರಶಾಲೆ ಮತ್ತು ಮೇಲಿನ ಮಂದಿರದಲ್ಲಿ ಮೋಂಬತ್ತಿಯ ಬೆಳಕಿನಲ್ಲಿ ನಡೆಯುವ ಸಂಗೀತ ಕಚೇರಿಗಳ ವರಮಾನದಿಂದ ಇಗರ್ಜಿಯ ಖರ್ಚಿನಲ್ಲಿ ಬಹುಪಾಲು ನಡೆಯುತ್ತದೆ. ದೇವಾಲಯದಲ್ಲಿ ವ್ಯಾಪಾರವೆ ಎಂದು ಮೂಗುಮುರಿಯುವವರಿದ್ದಾರೆ. ಸದಾ ಹುಂಡಿಯನ್ನು ಮುಂದೆ ಚಾಚಿಕೊಂಡಿರುವುದಕ್ಕಿಂತ ಸಾರು ಮಾರಿ ಬದುಕುವುದು ಮಾನವೆಂದು ನಮ್ಮ ಎಣಿಕೆ.

ಆದರೆ ನಾವು ಇಲ್ಲಿಯವರೆಗೆ ಬಂದುದು ಭಾನುವಾರದ ಕೂಟವೊಂದರ ಸಲುವಾಗಿ. ಪರದೇಶಗಳಿಂದ ಆಶ್ರಯ ಬೇಡಿ ಬಂದು, ಕಾನೂನಿನ ತೊಡಕಿನಲ್ಲಿ ಸಿಕ್ಕಿ, ದುಡಿಯುವುದಕ್ಕೂ ಅಪ್ಪಣೆಯಿಲ್ಲ, ಸರಕಾರದ ನೆರವಿಗೂ ಹಕ್ಕಿಲ್ಲ ಎಂಬ ಸ್ಥಿತಿಯಲ್ಲಿ ಲಂಡನ್ನಿನಲ್ಲಿ ಹಲವರಿದ್ದಾರೆ. ರಾತ್ರಿಯಿಡೀ ಓಡುವ ಬಸ್ಸುಗಳಲ್ಲಿ ಕುಳಿತೇ ನಿದ್ದೆ ಮಾಡುವವರು ಅವರಲ್ಲುಂಟು. ಭಾನುವಾರದಂದು ಅವರಿಗಾಗಿ ಇಲ್ಲಿನ ಸ್ವಯಂಸೇವಕರು ಬಿಸಿಯೂಟ, ಸ್ನಾನ, ಬಟ್ಟೆ ಒಗೆದುಕೊಳ್ಳಲು ಅನುಕೂಲ ಏರ್ಪಡಿಸುತ್ತಾರೆ. ಈ ಕೂಟದಲ್ಲಿ ಬಡಿಸಿ ಕೈತೊಳೆದುಕೊಂಡರೆ ಕೆಲಸ ತೀರಲಿಲ್ಲ. ಜೊತೆಯಲ್ಲಿ ಕುಳಿತುಕೊಳ್ಳಬೇಕು, ಮಾತನಾಡಬೇಕು, ಹೆಸರು ನೆನಪಿಟ್ಟುಕೊಳ್ಳಬೇಕು. 2012ರಲ್ಲಿ ವಿಕಾರರಾಗಿ ಬಂದ ಸ್ಯಾಮ್ ವೆಲ್ಸ್ ಎಂಬವರು 2015ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ತತ್ತ್ವವನ್ನೇ ಬೆಳೆಸಿದ್ದಾರೆ. ಅವರ ವಾದದ ಸಾರವಿಷ್ಟು: ಕ್ರಿಸ್ತನು ಉಪದೇಶ ಮಾಡಿದುದು ಸುಮಾರು ಮೂರು ವರ್ಷ, ಅದಕ್ಕೆ ಮುಂಚೆ ಮೂವತ್ತು ವರ್ಷ ನಜರೇತಿನಲ್ಲಿ ಜನರೊಡನೆ ಸುಮ್ಮನೆ ಇದ್ದನು. ಆದ್ದರಿಂದ ಬಡವರಿಗಾಗಿ ಏನನ್ನಾದರೂ ಮಾಡುವುದಕ್ಕಿಂತ ಅವರೊಡನೆ ಇರುವುದು ಹಿರಿದು.

ಈ ಮಾತು ನಮಗೆ ಹೊಸದಲ್ಲ. ದಾಸೋಹವೆಂದರೆ ಕೊಡುವವನೇ ದಾಸನಾಗುವುದು. ಕಲ್ಯಾಣದ ಶರಣರು ಆ ಮಾತಿಗೆ ಅರ್ಥ ತುಂಬಿದರು. ಬಸವಣ್ಣನವರ ಪ್ರತಿಮೆಯೊಂದನ್ನು 2015ರ ನವೆಂಬರ್ 14ರಂದು ಥೇಮ್ಸ್ ನದಿಯ ಆಚೆಯ ದಂಡೆಯಲ್ಲಿ ಅನಾವರಣಮಾಡಿದರು. ಈ ಇಗರ್ಜಿಯಿಂದ ಅಲ್ಲಿಗೆ ನಡೆದೇ ಹೋಗಬಹುದು. ನಮ್ಮ ಸಂತರ್ಪಣೆಗಳಲ್ಲಿ ಯಜಮಾನನು ನಿಂತು ಉಪಚಾರ ಹೇಳುವ ಮರ್ಯಾದೆ ಉಂಟು. ಅದೇ ಮನೆಯ ಹಿತ್ತಲಲ್ಲಿ ಬೇರೆ ಎಲೆ ಹಾಕಿ, ದೂರದಿಂದ ಬಡಿಸಿದ ಕಾಲವೂ ನಮ್ಮದೇ. ಹಸಿದವನಿಗೆ ಅನ್ನ ಕೊಟ್ಟೆವೆಂದು ಹೇಳಿಕೊಂಡೆವು. ಅವನ ಮಗ್ಗುಲಲ್ಲಿ ಕುಳಿತು ಉಂಡವರು ಎಷ್ಟು ಮಂದಿ?

ಮೇಲಿನ ಮಂದಿರಕ್ಕೆ ಹತ್ತಿ ಬಂದಾಗ ಹಿಂಬದಿಯ ಪೀಠವೊಂದರಲ್ಲಿ ಒಬ್ಬನು ಚೀಲವನ್ನು ತಲೆಗಿಟ್ಟುಕೊಂಡು ನಿದ್ದೆಹೋಗಿದ್ದನು. ಸಂಜೆಯ ಕಚೇರಿಗಾಗಿ ವಾದ್ಯಗಳನ್ನು ಶ್ರುತಿಮಾಡುತ್ತಿದ್ದರು. ಯಾರೂ ಅವನನ್ನು ಎಬ್ಬಿಸಲಿಲ್ಲ.

ಮಾರ್ಟಿನ್ನರ ಹಬ್ಬ ನವೆಂಬರ್ 11. ಅದೇ ತಿಂಗಳಲ್ಲಿ ಪ್ರತಿ ವರ್ಷವೂ ಇಲ್ಲಿ ವಿಶೇಷವಾದ ಸ್ಮರಣೆಯೊಂದು ನಡೆಯುತ್ತದೆ. ಲಂಡನ್ನಿನಲ್ಲಿ ಮನೆಯಿಲ್ಲದೆ ಬದುಕಿ ಆ ವರ್ಷ ತೀರಿಕೊಂಡವರ ಹೆಸರುಗಳನ್ನೆಲ್ಲ ಒಂದೊಂದಾಗಿ ಓದುತ್ತಾರೆ. ಅವರ ಜೊತೆ ಬೀದಿಯಲ್ಲಿದ್ದವರು ಬಂದು ಕುಳಿತು ಕೇಳುತ್ತಾರೆ. ಅವರಿಗೆ ಅನ್ನ ಬಡಿಸಿದವರೂ ಕೇಳುತ್ತಾರೆ. ಮನೆಯಿಲ್ಲದವರ ಗಾಯಕವೃಂದವೊಂದು ಅಂದು ಹಾಡುತ್ತದೆ. ‘ಹೆಸರಿಲ್ಲದ ಮೇಳ’ ಎಂದು ಅದರ ಹೆಸರು.